ಕೈಯಲ್ಲೇ ಬ್ಯಾಗ್ ಬದಲಾಯಿಸುವುದಾ, ರಾತ್ರಿ ಮಷೀನಾ? ಹೊಟ್ಟೆ ಡಯಾಲಿಸಿಸ್‌ನ ಎರಡು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಟ್ಟೆಗೆ ತುಂಬುವ ದ್ರಾವಣದ ಬ್ಯಾಗನ್ನು ಕೈಯಿಂದಲೇ ಬದಲಾಯಿಸುವ ಸಿಎಪಿಡಿಗೆ. ರಾತ್ರಿ ಮಲಗಿದಾಗ ತಾನೇ ನಡೆಯುವ ಮಷೀನ್, ಅಂದರೆ ಎಪಿಡಿ ಸೈಕ್ಲರ್, ಕೊಂಡು ತಿಂಗಳುಗಟ್ಟಲೆ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಅದಕ್ಕೂ ಮುಂಚೆ ಕೈಯಲ್ಲೇ ಮಾಡುತ್ತಿದ್ದೆ. ಈಗ ಮತ್ತೆ ಅಲ್ಲಿಗೇ ಬಂದಿದ್ದೇನೆ.

ಎರಡರಲ್ಲೂ ಕಿಡ್ನಿಯ ಕೆಲಸ ಮಾಡುವುದು ಹೊಟ್ಟೆಯ ಒಳಪೊರೆ, ಪೆರಿಟೋನಿಯಂ. ಆ ತೆಳು ಪೊರೆಯಲ್ಲಿರುವ ಸಣ್ಣ ಸಣ್ಣ ರಕ್ತನಾಳಗಳಿಂದ ಕಸ ಮತ್ತು ಹೆಚ್ಚಾದ ನೀರು, ನಾವು ಹೊಟ್ಟೆಗೆ ತುಂಬಿಸಿದ ಗ್ಲೂಕೋಸ್ ದ್ರಾವಣಕ್ಕೆ ಇಳಿಯುತ್ತವೆ. ಒಳಗೆ ಹೋಗಿರುವ ಮೆತ್ತನೆಯ ಕೊಳವೆಯೂ ಎರಡಕ್ಕೂ ಒಂದೇ. 1968ರಲ್ಲಿ ಟೆಂಕಾಫ್ ಎಂಬ ಡಾಕ್ಟರ್ ತೋರಿಸಿಕೊಟ್ಟ ಮಾದರಿಯ ಕ್ಯಾಥೆಟರ್ ಇವತ್ತಿಗೂ ಬಳಕೆಯಲ್ಲಿದೆ. ಈ ಪೊರೆಗೆ ಸೋಂಕು ತಗುಲಿದರೆ ಅದೇ ಪೆರಿಟೋನೈಟಿಸ್. ಪದೇ ಪದೇ ಆದರೆ ಪೊರೆ ದಪ್ಪವಾಗುತ್ತದೆ, ಸೋಸುವ ಶಕ್ತಿ ಕುಗ್ಗುತ್ತದೆ. ಆಮೇಲೆ ಈ ದಾರಿಯೇ ಮುಚ್ಚಿಹೋಗಬಹುದು. ಹಾಗಾಗಿ ಪೊರೆಯನ್ನು ಯಾವುದು ಚೆನ್ನಾಗಿ ಕಾಯುತ್ತದೆ ಅನ್ನುವುದೇ ನನಗೆ ದೊಡ್ಡ ವಿಷಯ.

ಮಷೀನ್ ತಗೊಂಡಿದ್ದು ಹಗಲು ಬಿಡುವು ಸಿಗಲಿ ಅಂತ. ಸಿಕ್ಕಿತು ಕೂಡ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆಗೂ ಜಾಸ್ತಿ, ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ ಕೂರುವುದು ತಪ್ಪಿತು. ಮಧ್ಯಾಹ್ನ ಕೆಲಸದ ನಡುವೆ ಎದ್ದು ಹೋಗುವುದೂ ತಪ್ಪಿತು. ಅದು ಸಣ್ಣ ಸುಖವಲ್ಲ.

ಆದರೆ ಅಲಾರಂ ಇದೆಯಲ್ಲ, ಅದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ರಾತ್ರಿ ಎಂಟು-ಹತ್ತು ಗಂಟೆಗಳ ಕಾಲ ಮಷೀನ್ ನೀರು ತುಂಬುತ್ತದೆ, ಬಿಡುತ್ತದೆ, ಮತ್ತೆ ತುಂಬುತ್ತದೆ. ಪ್ರತಿ ಸಲ ಇಷ್ಟು ನೀರು ಹೊರಗೆ ಬರಲೇಬೇಕು ಅನ್ನುವ ಲೆಕ್ಕ ಅದಕ್ಕಿದೆ. ಬರದಿದ್ದರೆ ಕೂಗುತ್ತದೆ. ಮಗ್ಗುಲು ಬದಲಾಯಿಸಿದಾಗ ಟ್ಯೂಬ್ ಮಡಚಿದರೆ ಕೂಗು. ಕ್ಯಾಥೆಟರ್‌ನ ತುದಿ ಕಿಬ್ಬೊಟ್ಟೆಯ ತಳದಿಂದ ಮೇಲೆ ಸರಿದರೆ ಕೂಗು. ಫೈಬ್ರಿನ್ ಎನ್ನುವ ಬಿಳಿ ಎಳೆ ಕೊಳವೆಗೆ ಸಿಕ್ಕಿಕೊಂಡರೂ ಕೂಗು. ಎದ್ದು ಕೂತು, ಟ್ಯೂಬ್ ನೇರ ಮಾಡಿ, ಬಟನ್ ಒತ್ತಿ ಮಲಗಬೇಕು. ನಿದ್ದೆ ಹತ್ತುವಷ್ಟರಲ್ಲಿ ಇನ್ನೊಂದು. ಪಕ್ಕದಲ್ಲಿ ಮಲಗುವ ಹೆಂಡತಿಗೂ ನಿದ್ದೆ ಇಲ್ಲ, ಪಾಪ.

ಇದರ ಹಿಂದೆ ಮಲಬದ್ಧತೆ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಕರುಳು ತುಂಬಿಕೊಂಡರೆ ಕ್ಯಾಥೆಟರ್ ಅನ್ನು ಅದುಮುತ್ತದೆ ಅಥವಾ ಪಕ್ಕಕ್ಕೆ ತಳ್ಳುತ್ತದೆ. ಆಗ ನೀರು ಹೊರಗೆ ಬರುವುದು ನಿಧಾನವಾಗುತ್ತದೆ. ನರ್ಸ್ ಮೊದಲು ಕೇಳಿದ್ದೇ ಹೊಟ್ಟೆ ಸರಿಯಾಗಿ ಹೋಗುತ್ತಿದೆಯಾ ಅಂತ. ಡಾಕ್ಟರ್ ಕೊಟ್ಟ ಔಷಧಿಯಿಂದ ಹೊಟ್ಟೆ ಸಲೀಸಾದ ಮೇಲೆ ಕೂಗು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ನಿಲ್ಲಲಿಲ್ಲ.

ಜೊತೆಗೆ ಡ್ರೈನ್ ನೋವು. ಕೊನೆಯ ಹನಿಯವರೆಗೂ ಮಷೀನ್ ಎಳೆಯುವಾಗ ಕ್ಯಾಥೆಟರ್‌ನ ತುದಿ ಒಳಗೋಡೆಗೆ ತಾಗಿ, ಗುದದ್ವಾರದ ಹತ್ತಿರ ಜೋರಾಗಿ ಹಿಂಡಿದ ಹಾಗಾಗುತ್ತದೆ. ಸ್ವಲ್ಪ ನೀರು ಒಳಗೇ ಉಳಿಸುವ ‘ಟೈಡಲ್’ ಸೆಟಿಂಗ್ ಹಾಕಿಕೊಟ್ಟರು, ಆಮೇಲೆ ಕಡಿಮೆಯಾಯಿತು. ಈ ನೋವು ಇರುವವರು ಸುಮ್ನೆ ಸಹಿಸಬೇಡಿ, ಕೇಳಿ. ಕೈಯಲ್ಲಿ ಮಾಡುವಾಗ ನನಗೆ ಇದು ಅಷ್ಟಾಗಿ ಕಾಡಿಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನೋವು ಶುರುವಾಗುತ್ತಿದ್ದಂತೆ ಕ್ಲ್ಯಾಂಪ್ ಹಾಕಿದರಾಯಿತು.

ನನ್ನ ಮನಸ್ಸು ಪೂರ್ತಿ ತಿರುಗಿದ್ದು ಪೆರಿಟೋನೈಟಿಸ್ ಬಂದಾಗ. ಮಷೀನ್‌ನಲ್ಲಿ ಹೊರಬಂದ ನೀರು ಉದ್ದ ಟ್ಯೂಬ್ ಹಿಡಿದು ಬಚ್ಚಲಿಗೆ ಹೋಗುತ್ತಿತ್ತು. ರಾತ್ರಿಯ ನೀರಿನ ಬಣ್ಣ ನಾನು ನೋಡುತ್ತಲೇ ಇರಲಿಲ್ಲ. ಬೆಳಿಗ್ಗೆ ಹೊಟ್ಟೆನೋವು, ಚಳಿ. ಆಗ ಟ್ಯೂಬ್ ನೋಡಿದರೆ ಒಳಗೆಲ್ಲ ಮಂಜು ಕವಿದ ಹಾಗೆ. ಕೈಯಲ್ಲಿ ಮಾಡುವಾಗ ಪ್ರತಿ ಬ್ಯಾಗನ್ನೂ ಅಚ್ಚಾದ ಕಾಗದದ ಮೇಲಿಟ್ಟು ಅಕ್ಷರ ಓದಿ ನೋಡುತ್ತೇನೆ. ಅಕ್ಷರ ಮಸುಕಾದರೆ ಬ್ಯಾಗ್ ಸಮೇತ ಆಸ್ಪತ್ರೆಗೆ. ಮಷೀನ್ ಬಳಸುವವರು ಬೆಳಿಗ್ಗೆ ಬಿಚ್ಚುವ ಮುಂಚೆ ಟ್ಯೂಬ್‌ನಲ್ಲಿರುವ ನೀರನ್ನಾದರೂ ಬೆಳಕಿಗೆ ಹಿಡಿದು ನೋಡಲೇಬೇಕು.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮ ಇದೆ. ಹೊರಬಂದ ನೀರಿನ ಪ್ರತಿ ಮೈಕ್ರೋಲೀಟರ್‌ಗೆ ಬಿಳಿ ರಕ್ತಕಣ 100ಕ್ಕಿಂತ ಹೆಚ್ಚಿದ್ದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯೂಟ್ರೋಫಿಲ್ (ರೋಗಾಣುವಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ಕಣ) ಇದ್ದರೆ ಸೋಂಕು ಅಂತ ಲೆಕ್ಕ. ಮಷೀನ್‌ನಲ್ಲಿ ನೀರು ಹೊಟ್ಟೆಯಲ್ಲಿ ನಿಲ್ಲುವುದೇ ಸ್ವಲ್ಪ ಹೊತ್ತು. ಅದಕ್ಕೇ ಒಟ್ಟು ಸಂಖ್ಯೆ 100 ಮುಟ್ಟದಿದ್ದರೂ ನ್ಯೂಟ್ರೋಫಿಲ್ ಪಾಲು ನೋಡಿ ಔಷಧಿ ಶುರು ಮಾಡುತ್ತಾರೆ.

ಚಿಕಿತ್ಸೆ ಅಂದರೆ ಆಂಟಿಬಯಾಟಿಕ್ ಅನ್ನು ಬ್ಯಾಗಿಗೇ ಸೇರಿಸಿ ಹೊಟ್ಟೆಗೆ ಬಿಡುವುದು. ದಿನಕ್ಕೊಂದು ಸಲ ಕೊಡುವುದಾದರೆ ಅದು ಕನಿಷ್ಠ 6 ಗಂಟೆ ಒಳಗಿರಬೇಕು. ಅದಕ್ಕೇ ನನ್ನನ್ನು ತಾತ್ಕಾಲಿಕವಾಗಿ ಕೈಯಿಂದ ಮಾಡುವ ಪದ್ಧತಿಗೆ ಹಾಕಿದರು. ಸರಿಯಾದ ಔಷಧಿ ಕೊಟ್ಟೂ 5 ದಿನದಲ್ಲಿ ನೀರು ತಿಳಿಯಾಗದಿದ್ದರೆ ಕ್ಯಾಥೆಟರ್ ತೆಗೆಯುವ ಮಾತು ಬರುತ್ತದೆ. ಫಂಗಸ್ ಸೋಂಕಾದರೆ ಕಾಯುವುದೂ ಇಲ್ಲ, ತೆಗೆಯುತ್ತಾರೆ. ನನ್ನ ನೀರು ತಿಳಿಯಾಯಿತು. ಆ ದಿನಗಳಲ್ಲಿ ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಮತ್ತೆ ಮಷೀನ್‌ಗೆ ಹೋಗಲು ಮನಸ್ಸು ಬರಲಿಲ್ಲ.

ಮಷೀನ್‌ನಿಂದಲೇ ಸೋಂಕು ಬಂತು ಅಂತ ನಾನು ಹೇಳುತ್ತಿಲ್ಲ. ಟ್ಯೂಬ್ ಬಿಚ್ಚಿ ಜೋಡಿಸುವ ಸಲಗಳು ಅದರಲ್ಲೇ ಕಡಿಮೆ. ಕೈಯಲ್ಲಿ ಮಾಡಿದರೆ ದಿನಕ್ಕೆ ನಾಲ್ಕು ಸಲ ರೋಗಾಣುವಿಗೆ ಅವಕಾಶ. ಕೈ ತೊಳೆಯುವುದರಲ್ಲಿ ಅವಸರ ಮಾಡುವವರಿಗೆ ನನ್ನ ದಾರಿ ಬೇಡ.

ಖರ್ಚಿನಲ್ಲಿ ಕೈಯದೇ ಹಗುರ. ಒಂದು ಕೊಕ್ಕೆ, ಬ್ಯಾಗ್ ಬೆಚ್ಚಗೆ ಮಾಡುವ ವ್ಯವಸ್ಥೆ, ಶುಚಿಯಾದ ಮೂಲೆ ಸಾಕು. ಮಷೀನ್‌ಗೆ ಪ್ರತಿ ರಾತ್ರಿ ಹೊಸ ಟ್ಯೂಬ್ ಸೆಟ್ ಬೇಕು, ಕರೆಂಟ್ ಹೋದರೆ ಇನ್ನೊಂದು ಏರ್ಪಾಡು ಬೇಕು. ಪ್ರಯಾಣದಲ್ಲೂ ಕೈಯದೇ ಹಗುರ.

ಪೊರೆಯ ಗುಣ ಎಲ್ಲರಿಗೂ ಒಂದೇ ಅಲ್ಲ. ‘ಪೆಟ್’ (ಪೆರಿಟೋನಿಯಲ್ ಈಕ್ವಿಲಿಬ್ರೇಶನ್ ಟೆಸ್ಟ್) ಎನ್ನುವ ಪರೀಕ್ಷೆ ಮಾಡಿ ಅದನ್ನು ಅಳೆಯುತ್ತಾರೆ. ಕೆಲವರ ಪೊರೆ ಗ್ಲೂಕೋಸನ್ನು ಬೇಗ ಹೀರಿಬಿಡುತ್ತದೆ, ಆಗ ಜಾಸ್ತಿ ಹೊತ್ತು ನಿಂತ ನೀರು ಮತ್ತೆ ಮೈಗೇ ಸೇರುತ್ತದೆ. ಅಂಥವರಿಗೆ ಬೇಗ ಬೇಗ ಬದಲಾಯಿಸುವ ಮಷೀನೇ ಸರಿ. ಶಾಲೆಗೆ ಹೋಗುವ ಮಕ್ಕಳಿಗೆ, ಹಗಲು ಕೆಲಸ ಬಿಡಲಾಗದವರಿಗೆ, ಮನೆಯವರೇ ಎಲ್ಲ ಮಾಡಿಕೊಡಬೇಕಾದ ವಯಸ್ಸಾದವರಿಗೂ ಅದೇ ಅನುಕೂಲ. ನನ್ನ ಪೊರೆ ಮಧ್ಯಮ ವೇಗದ್ದು, ನಾನು ಮನೆಯಿಂದಲೇ ಕೆಲಸ ಮಾಡುವವನು, ಸಣ್ಣ ಸದ್ದಿಗೂ ಎಚ್ಚರವಾಗುವವನು. ಮಷೀನ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಪೆಟ್ ಪರೀಕ್ಷೆಯ ಫಲಿತಾಂಶ ಡಾಕ್ಟರ್ ಹತ್ತಿರ ಕೇಳಿ. ಸಾಧ್ಯವಾದರೆ ಕೆಲವು ವಾರ ಬಾಡಿಗೆಗೆ ತಂದು, ನಿಮ್ಮದೇ ಹಾಸಿಗೆಯ ಪಕ್ಕ ಇಟ್ಟು ಮಲಗಿ ನೋಡಿ.