ಅಂಬಾಸಿಡರ್‌ಗೆ ಇಸುಜು ಎಂಜಿನ್, ಮುಂದೆ ಡಿಸ್ಕ್ ಬ್ರೇಕ್: ಹಲವು ವರ್ಷ ಓಡಿಸಿದ ಮೇಲೆ

ನಮ್ಮ ಮನೆಯ ಅಂಬಾಸಿಡರ್ 1978ರ ಮಾರ್ಕ್ 3. ಈಗ ಅದರ ಬಾನೆಟ್ ಕೆಳಗೆ ಇರುವುದು ಹಳೆಯ 1489 ಸಿಸಿ ಎಂಜಿನ್ ಅಲ್ಲ, 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್. ಜೊತೆಗೆ ಐದು ಗೇರಿನ ಗೇರ್‌ಬಾಕ್ಸ್, ಮುಂದಿನ ಚಕ್ರಗಳಿಗೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡುಗಳು ಎರಡೂ ಕಡೆಯಿಂದ ಹಿಡಿಯುವ ಬ್ರೇಕ್), ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್, ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಎರಡು ಲೈನಿನ ಮಾಸ್ಟರ್ ಸಿಲಿಂಡರ್. ಈ ಕೆಲಸ ಮಾಡಿಸಿ ಹಲವು ವರ್ಷ ಆಯಿತು. ಊರೊಳಗೆ, ಹೆದ್ದಾರಿಯಲ್ಲಿ, ಘಾಟಿಯಲ್ಲಿ, ಮಳೆಯಲ್ಲಿ ಎಲ್ಲಾ ಕಡೆ ಓಡಿಸಿದ್ದೇನೆ. ನಿಮ್ಮ ಹತ್ತಿರ ಒಂದು ಕೆಲಸಕ್ಕೆ ಮಾತ್ರ ದುಡ್ಡಿದ್ದರೆ ಬ್ರೇಕ್ ಮಾಡಿಸಿ. ಎಂಜಿನ್ ಕೆಲಸ ಆಮೇಲೆ ಮಾಡಿಸಬಹುದು.

ಬೇರೆ ಹಳೇ ಕಾರುಗಳಿಗಿಂತ ಅಂಬಾಸಿಡರ್‌ನಲ್ಲಿ ಎಂಜಿನ್ ಬದಲಾವಣೆ ಸುಲಭ. ಅದಕ್ಕೆ ಕಾರಣ ಇದೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಬಾಡಿಯನ್ನೇ ಹಿಂದೂಸ್ತಾನ್ ಮೋಟಾರ್ಸ್‌ನವರು ತೆಗೆದುಕೊಂಡು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದರು. ಬಾಡಿ ಹೆಚ್ಚುಕಡಿಮೆ ಹಾಗೇ ಉಳಿಯಿತು, ಒಳಗಿನ ಎಂಜಿನ್ ಮಾತ್ರ ಬದಲಾಗುತ್ತಾ ಹೋಯಿತು. 1990ರ ದಶಕದಲ್ಲಿ ಬಂದ 1800 ಐಎಸ್‌ಝಡ್ ಮಾಡೆಲ್‌ಗೆ ಕಂಪನಿಯವರೇ ಇಸುಜು ಎಂಜಿನ್ ಕೂರಿಸಿದರು. ಕೊನೆಯ ವರ್ಷಗಳ ಗಾಡಿಗಳಲ್ಲಿ ಮುಂದೆ ಡಿಸ್ಕ್ ಕೂಡ ಬಂತು. ಅಂದರೆ ನಾನು ಹಾಕಿಸಿದ ಒಂದೊಂದು ವಸ್ತುವೂ ಇದೇ ಬಾಡಿಗೆ ಕಾರ್ಖಾನೆಯಲ್ಲೇ ಒಮ್ಮೆ ಕೂರಿಸಿದ್ದು. ಹೊರಗಿನದು ಒಂದೂ ಇಲ್ಲ. ಇವತ್ತಿಗೂ ಗಾಡಿ ತಲೆನೋವು ಕೊಡದೆ ಓಡುತ್ತಿರುವುದಕ್ಕೆ ಇದೇ ದೊಡ್ಡ ಕಾರಣ.

ಹಳೇ ಎಂಜಿನ್ ಬಗ್ಗೆ ನನಗೆ ಈಗಲೂ ಗೌರವ ಇದೆ. ಅದರ ಶಕ್ತಿ ಸುಮಾರು 50 ಕುದುರೆ. ಕಡಿಮೆ ವೇಗದಲ್ಲೂ ಗೊಣಗದೆ ಎಳೆಯುತ್ತಿತ್ತು. ಯಾವ ಹಳ್ಳಿಯಲ್ಲಿ ನಿಂತರೂ ಟ್ಯಾಪೆಟ್ ಸರಿಮಾಡಿ ಕಳಿಸುವ ಮೆಕ್ಯಾನಿಕ್ ಸಿಗುತ್ತಿದ್ದರು. ಆದರೆ ಅದು ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್. ನಮ್ಮ ದೇಶದಲ್ಲಿ 2000ದ ಹೊತ್ತಿಗೆ ಸೀಸ ನಿಂತಿತು. ಆ ಮೇಲೆ ಸೀಸದ ರಕ್ಷಣೆ ಇಲ್ಲದೆ ಇಂಥ ಎಂಜಿನ್‌ಗಳ ಎಕ್ಸಾಸ್ಟ್ ವಾಲ್ವ್ ಸೀಟುಗಳು (ಹೊಗೆ ಬಿಡುವ ವಾಲ್ವ್ ಮುಚ್ಚಿ ಕೂರುವ ಜಾಗ) ಬೇಗ ಸವೆಯುತ್ತವೆ. ಗಟ್ಟಿ ಲೋಹದ ಸೀಟು ಕೂರಿಸಿದರೆ ಇದಕ್ಕೆ ಪರಿಹಾರ ಉಂಟು. ನಮ್ಮದರಲ್ಲಿ ಸಿಲಿಂಡರ್ ಬೋರ್ ಮಾಡಿಸಿ ಮಾಡಿಸಿ ಮಿತಿ ಮುಟ್ಟಿತ್ತು, ಕ್ರ್ಯಾಂಕ್ ಕೂಡ ಮುಗಿದಿತ್ತು. ಅದಕ್ಕೇ ಬದಲಾಯಿಸುವ ಯೋಚನೆ ಬಂತು.

ಎಂಜಿನ್ ಹುಡುಕುವಾಗ ನಮ್ಮ ಮೇಸ್ತ್ರಿ ಒಂದು ಷರತ್ತು ಹಾಕಿದರು. ಬರೀ ಎಂಜಿನ್ ತರಬೇಡಿ, ಗುಜರಿಗೆ ಹೋಗುತ್ತಿರುವ ಪೂರ್ತಿ 1800 ಗಾಡಿಯೇ ಸಿಕ್ಕರೆ ತನ್ನಿ ಅಂದರು. ನೂರಕ್ಕೆ ನೂರು ಸರಿಯಾದ ಮಾತು. ಎಂಜಿನ್ ಮೌಂಟಿಂಗ್, ಕ್ಲಚ್, ರೇಡಿಯೇಟರ್, ಸೈಲೆನ್ಸರ್ ಪೈಪು, ಆಲ್ಟರ್ನೇಟರ್ ವೈರಿಂಗ್, ಸ್ಪೀಡೋಮೀಟರ್ ಕೇಬಲ್ ಎಲ್ಲವೂ ಬೇಕಾಗುತ್ತವೆ. ಗೇರ್‌ಬಾಕ್ಸ್ ಉದ್ದ ಬೇರೆ, ಹಾಗಾಗಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಹಳೇ ಪ್ರೊಪೆಲ್ಲರ್ ಶಾಫ್ಟ್ ಕೂರುವುದಿಲ್ಲ. ಅದನ್ನು ಕತ್ತರಿಸಿ ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡಿಸುವ ಬದಲು 1800ರದ್ದೇ ಶಾಫ್ಟ್ ಹಾಕಿದರೆ ನಡುಕ ಬರುವುದಿಲ್ಲ. ಬಿಡಿ ಬಿಡಿಯಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಕೋಲ್ಕತ್ತಾದ ಮಲ್ಲಿಕ್ ಬಜಾರಿನಲ್ಲೋ ಹುಡುಕಿ ಜೋಡಿಸುತ್ತೇನೆ ಅಂದರೆ ಆಗುತ್ತದೆ. ಆದರೆ ಕೊನೆಗೆ ಖರ್ಚು ಜಾಸ್ತಿ, ಅಲೆದಾಟವೂ ಜಾಸ್ತಿ.

ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಹೋಗಿ ನೆಲದ ಮೇಲಿನ ಫ್ಲೋರ್ ಗೇರ್ ಬಂತು. ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರುವ ಸುಖ ಇದರಿಂದ ಹೋಯಿತು. ಮನೆಯವರಿಗೆ ಇದು ನಿಜವಾಗಿ ಬೇಸರ ತಂದ ಬದಲಾವಣೆ. ಯೋಚಿಸಿ ಒಪ್ಪಿಕೊಳ್ಳಿ.

ಕೆಲಸ ಶುರುವಾಗುವ ಮುಂಚೆ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. "ಸಾರ್, ಮೊದಲು ಬ್ರೇಕ್ ಮುಗಿಸೋಣ. ಎಂಜಿನ್ ಆಮೇಲೆ ಕೂರಿಸ್ತೀನಿ." ಹಾಗಾಗಿ ಕೆಲವು ತಿಂಗಳು ಹಳೇ ಎಂಜಿನ್‌ನಲ್ಲೇ ಹೊಸ ಬ್ರೇಕ್ ಹಾಕಿಕೊಂಡು ಓಡಿಸಿದೆ. ಎರಡರ ಗುಣವೂ ಬೇರೆ ಬೇರೆಯಾಗಿ ಗೊತ್ತಾಗಿದ್ದು ಆಗಲೇ.

ಹಳೇ ಅಂಬಾಸಿಡರ್ ಓಡಿಸಿದವರಿಗೆ ಬ್ರೇಕ್ ಪಂಪ್ ಮಾಡುವುದು, ಅಂದರೆ ಪೆಡಲನ್ನು ಮತ್ತೆ ಮತ್ತೆ ಒತ್ತುವುದು, ಗೊತ್ತೇ ಇರುತ್ತದೆ. ನಾಲ್ಕು ಚಕ್ರಕ್ಕೂ ಡ್ರಮ್ (ಒಳಗಿನ ಶೂಗಳು ಹೊರಕ್ಕೆ ಒತ್ತಿ ಹಿಡಿಯುವ ಬ್ರೇಕ್), ಎಲ್ಲದಕ್ಕೂ ಒಂದೇ ಆಯಿಲ್ ಲೈನು. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಒಂದೇ ಗತಿ. ನನಗೆ ಅತಿ ಹೆಚ್ಚು ಭಯ ಇದ್ದದ್ದು ಇದರ ಬಗ್ಗೆ. ಡಿಸ್ಕ್ ಹಾಕಿಸದಿದ್ದರೂ ಪರವಾಗಿಲ್ಲ, ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿ. ಒಂದು ಲೈನು ಹೋದರೂ ಇನ್ನೊಂದು ಗಾಡಿ ನಿಲ್ಲಿಸುತ್ತದೆ.

ಇನ್ನು ಘಾಟಿ ಇಳಿಯುವಾಗಿನ ಕಥೆ. ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆ ಇಳಿದರೆ, ಅಥವಾ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ, ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಕಾಗುತ್ತದೆ. ಬಿಸಿಯಾದ ಡ್ರಮ್, ಬಂಡಿ ಚಕ್ರಕ್ಕೆ ಕೂರಿಸುವ ಮುಂಚೆ ಕಾಯಿಸಿದ ಕಬ್ಬಿಣದ ಪಟ್ಟಿಯ ಹಾಗೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಒಳಗಿನ ಶೂಗಳಿಂದ ದೂರ ಹೋಗುತ್ತದೆ. ಪೆಡಲ್ ಕೆಳಗೆ ಕೆಳಗೆ ಹೋಗುತ್ತದೆ. ಜೊತೆಗೆ ಶೂ ಮೇಲಿನ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಹಾಗಲ್ಲ. ಕಾದ ಡಿಸ್ಕ್ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ, ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಮೊದಲು ಘಾಟಿಯ ಅರ್ಧದಲ್ಲಿ ನಿಲ್ಲಿಸಿ ಬ್ರೇಕ್ ತಣ್ಣಗಾದ ಮೇಲೆ ಹೋಗುತ್ತಿದ್ದೆವು. ಈಗ ಘಾಟಿಯ ಮೇಲೆ ಪೆಡಲ್ ಎಷ್ಟು ಎತ್ತರದಲ್ಲಿ ಇತ್ತೋ, ಘಾಟಿ ಇಳಿದ ಮೇಲೂ ಅಷ್ಟೇ ಎತ್ತರದಲ್ಲಿ ಇರುತ್ತದೆ. ಹಾಗಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡಿ. ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಯಾವುದೇ ಇರಲಿ.

ಮಳೆಗಾಲದ ಲಾಭ ಇನ್ನೊಂದು. ರಸ್ತೆ ಮೇಲೆ ನಿಂತ ನೀರಲ್ಲಿ ಹೋದ ಮೇಲೆ ಡ್ರಮ್ ಒಳಗೆ ನೀರು ಸೇರಿ ಸ್ವಲ್ಪ ದೂರ ಬ್ರೇಕೇ ಹಿಡಿಯುತ್ತಿರಲಿಲ್ಲ. ಒಂದು ಪಕ್ಕ ಮೊದಲು ಒಣಗಿದರೆ ಗಾಡಿ ಆ ಕಡೆ ಎಳೆಯುತ್ತಿತ್ತು. ಡಿಸ್ಕ್ ಮೇಲಿನ ನೀರು ತಿರುಗುವಾಗಲೇ ಹಾರಿ ಹೋಗುತ್ತದೆ.

ಡಿಸ್ಕ್ ಹಾಕಿಸುವವರು ಮೂರು ವಿಷಯಗಳಲ್ಲಿ ಹಟ ಬಿಡಬೇಡಿ. ಒಂದು, ಬೂಸ್ಟರ್. ಡ್ರಮ್ಮಿನ ಶೂ ತಿರುಗುವ ಡ್ರಮ್ಮಿನ ಜೊತೆ ತಾನೇ ಕಚ್ಚಿಕೊಳ್ಳುತ್ತದೆ, ಅದರಿಂದ ಕಾಲಿನ ಬಲ ಉಳಿಯುತ್ತದೆ. ಡಿಸ್ಕ್‌ಗೆ ಆ ಗುಣ ಇಲ್ಲ. ಬೂಸ್ಟರ್ ಇಲ್ಲದೆ ಬರೀ ಡಿಸ್ಕ್ ಹಾಕಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿ ಆಗುತ್ತದೆ, ವಯಸ್ಸಾದವರಿಗೆ ಒತ್ತಲು ಆಗುವುದಿಲ್ಲ. ಎರಡು, ಮಾಸ್ಟರ್ ಸಿಲಿಂಡರ್. ಡಿಸ್ಕ್ ಬಂದ ಗಾಡಿಯದ್ದೇ ಹಾಕಬೇಕು. ಡ್ರಮ್ ಗಾಡಿಯ ಮಾಸ್ಟರ್ ಸಿಲಿಂಡರ್ ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಟ್ಟುಕೊಳ್ಳುವ ವಾಲ್ವ್ ಹೊಂದಿರುತ್ತದೆ. ಅದೇ ಒತ್ತಡ ಡಿಸ್ಕ್‌ಗೆ ಹೋದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಲೇ ಇರುತ್ತದೆ. ಮೂರು, ಹಿಂದಿನ ಡ್ರಮ್. ಮುಂದೆ ಬ್ರೇಕ್ ಬದಲಾದ ಮೇಲೆ, ಹಿಂದಿನ ಡ್ರಮ್ಮಿನ ಶೂ ತಳ್ಳುವ ವೀಲ್ ಸಿಲಿಂಡರ್ ಅಳತೆ ಅದಕ್ಕೆ ಹೊಂದಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಬಾಲ ಪಕ್ಕಕ್ಕೆ ತಿರುಗಿಬಿಡುತ್ತದೆ. ಖಾಲಿ ಮೈದಾನದಲ್ಲಿ, ಮಳೆ ಬಿದ್ದ ಮೇಲೆ, ನಿಧಾನದ ವೇಗದಿಂದ ಶುರುಮಾಡಿ ಪರೀಕ್ಷೆ ಮಾಡಿಯೇ ರಸ್ತೆಗೆ ತನ್ನಿ.

ಮುಂದಿನ ಸೆಟ್ಟನ್ನು ಹಬ್ ಸಮೇತ ಪೂರ್ತಿ ತರುವುದೇ ವಾಸಿ. ಬ್ರ್ಯಾಕೆಟ್ ವೆಲ್ಡ್ ಮಾಡಿ ಬೇರೆ ಕಾರಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ತಗುಲಿಸುವವರನ್ನು ನೋಡಿದ್ದೇನೆ. ಅಂಥದ್ದನ್ನು ನಂಬಿ ಮನೆಯವರನ್ನು ಕೂರಿಸಿಕೊಂಡು ಹೋಗಲು ನನಗೆ ಮನಸ್ಸಿಲ್ಲ.

ಎಂಜಿನ್ ಬಂದ ಮೇಲೆ ಗಾಡಿ ಪೂರ್ತಿ ಬದಲಾಯಿತು. 75 ಕುದುರೆ ಅಂದರೆ ಈಗಿನ ಕಾಲಕ್ಕೆ ದೊಡ್ಡದಲ್ಲ, ಆದರೆ ಹಳೆಯದಕ್ಕಿಂತ ಒಂದೂವರೆ ಪಟ್ಟು. ಪಿಕಪ್ ಚೆನ್ನಾಗಿದೆ. ಲಾರಿ ಹಿಂದೆ ಸಿಕ್ಕಿಹಾಕಿಕೊಂಡು ಕಾಯುವುದು ತಪ್ಪಿತು. ಐದನೇ ಗೇರಿನಲ್ಲಿ ಹೆದ್ದಾರಿಯಲ್ಲಿ ಹೋದರೆ ಒಳಗೆ ಕೂತು ಆರಾಮಾಗಿ ಮಾತಾಡಬಹುದು. ಮೊದಲು 60ರಲ್ಲಿ ಹೋಗುತ್ತಿದ್ದವನು ಈಗ ಸುಲಭವಾಗಿ 90 ಮುಟ್ಟುತ್ತೇನೆ. ಇಲ್ಲೇ ಲೆಕ್ಕ ಹಾಕಬೇಕು. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಹಳೇ ಡ್ರಮ್ ಇಟ್ಟುಕೊಂಡು ಹೊಸ ಎಂಜಿನ್ ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಮೇಸ್ತ್ರಿಗೆ ನಾನು ಈಗಲೂ ಋಣಿ.

ಮೈಲೇಜ್ ವಿಷಯದಲ್ಲಿ ದೊಡ್ಡ ಆಸೆ ಬೇಡ. ಹೆದ್ದಾರಿಯಲ್ಲಿ ಸ್ವಲ್ಪ ಉತ್ತಮ, ಊರೊಳಗೆ ಮೊದಲಿನಷ್ಟೇ. ಕಾರ್ಬುರೇಟರ್ ಗಾಡಿ, ತೂಕದ ಗಾಡಿ. ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಪೈಪುಗಳು ಮೆತ್ತಗಾಗಿ ಒಸರತೊಡಗಿದವು. ಪೆಟ್ರೋಲ್ ಹೋಸ್ ಎಲ್ಲಾ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿದ್ದೇನೆ. ಎಂಜಿನ್ ಪಕ್ಕ ಪೆಟ್ರೋಲ್ ಒಸರುವುದು ಬೆಂಕಿಗೆ ಆಹ್ವಾನ, ಇದನ್ನು ಮುಂದೂಡಬೇಡಿ.

ಬ್ರೇಕ್ ಆಯಿಲ್ ಬಗ್ಗೆ ನಮ್ಮಲ್ಲಿ ಅಸಡ್ಡೆ ಜಾಸ್ತಿ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಹೀರಿಕೊಂಡ ಮೇಲೆ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಘಾಟಿಯಲ್ಲಿ ಕ್ಯಾಲಿಪರ್ ಕಾದಾಗ ಆಯಿಲ್ ಕುದ್ದು ಲೈನಿನಲ್ಲಿ ಆವಿ ತುಂಬಿದರೆ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ. ಆಗ ಡಿಸ್ಕ್ ಇದ್ದೂ ಪ್ರಯೋಜನ ಇಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಲೈನಿನೊಳಗಿನ ಏರ್ ತೆಗೆಸಿ. ಮಲೆನಾಡಿನವರು ಇನ್ನೂ ಬೇಗ ಮಾಡಿಸಿದರೂ ತಪ್ಪಿಲ್ಲ. ಪ್ಯಾಡ್ ಕೊಳ್ಳುವಾಗಲೂ ಹುಷಾರು. ಒಂದು ಅಂಗಡಿಯಲ್ಲಿ ಕೊಟ್ಟ ಅಗ್ಗದ ಪ್ಯಾಡ್ ಕಿರುಗುಟ್ಟುತ್ತಿತ್ತು, ಡಿಸ್ಕ್ ಮೇಲೆ ಗೆರೆ ಕೂಡ ಹಾಕಿತು. ಅದನ್ನು ಬಿಸಾಕಿ ಒಳ್ಳೆಯದು ಹಾಕಿಸಿದ ಮೇಲೆ ಸರಿಹೋಯಿತು.

ಕಾಗದಪತ್ರದ ಕೆಲಸ ಸಣ್ಣದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಬದಲಾವಣೆ ಮಾಡುವುದರ ಬಗ್ಗೆ ಇದೆ. ಎಂಜಿನ್ ಬಿಚ್ಚುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಬರಹದಲ್ಲಿ ಅನುಮತಿ ಕೇಳಿ. ಎಂಜಿನ್ ಕೊಟ್ಟ ಗಾಡಿಯ ಆರ್‌ಸಿ, ಕೊಂಡ ಬಿಲ್ಲು ಜೋಪಾನ ಮಾಡಿ. ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಸೇರಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ಕ್ಲೇಮ್ ನಿಲ್ಲುತ್ತದೆ, ಎಫ್‌ಸಿಗೆ ಹೋದಾಗಲೂ ಗಾಡಿ ನಿಲ್ಲುತ್ತದೆ. ಪೆಟ್ರೋಲ್ ತೆಗೆದು ಡೀಸೆಲ್ ಹಾಕುವ ಆಸೆ ಹಲವರಿಗೆ ಇರುತ್ತದೆ. ಇಂಧನವೇ ಬದಲಾದರೆ ತೊಡಕು ಇನ್ನೂ ಜಾಸ್ತಿ. ಮೂತಿಯ ತೂಕವೂ ಹೆಚ್ಚಿ ಬ್ರೇಕ್ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತದೆ.

ಇನ್ನೊಂದು ವಿಷಯ ಹಳೇ ಕಾರು ಪ್ರೀತಿಸುವವರೆಲ್ಲ ತಿಳಿದಿರಬೇಕು. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ವಿಎ ಸರಣಿಯ ನಂಬರ್ ಸಿಗುತ್ತದೆ. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ನಮ್ಮ ಗಾಡಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಈಗಿನ ಸ್ಥಿತಿಯಲ್ಲಿ ಅದಕ್ಕೆ ಆ ನಂಬರ್ ಸಿಗುವುದಿಲ್ಲ. ವಿಎ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. ನನಗೆ ಬೇಕಿದ್ದದ್ದು ಮದುವೆಗೆ, ಊರಿಗೆ, ಮಂಗಳೂರಿಗೆ ಹೋಗಿ ಬರುವ ಕಾರು. ಹಾಗಾಗಿ ನನ್ನ ಆಯ್ಕೆ ಸರಿ ಅಂತಲೇ ಅನ್ನಿಸುತ್ತದೆ. ನಿಮ್ಮ ಗಾಡಿಯ ಮೂಲ ಎಂಜಿನ್ ಇನ್ನೂ ಗಟ್ಟಿಯಾಗಿದ್ದರೆ, ನಂಬರುಗಳೆಲ್ಲ ಕಾಗದಕ್ಕೆ ಹೊಂದುತ್ತಿದ್ದರೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಹೋಸ್, ವೀಲ್ ಸಿಲಿಂಡರ್, ಲೈನರ್ ಎಲ್ಲಾ ಹೊಸದು ಹಾಕಿಸಿ 60ರಲ್ಲಿ ಓಡಿಸಿ. ಹಳೇ ಎಂಜಿನ್ ತೆಗೆದವರೂ ಅದನ್ನು ಗುಜರಿಗೆ ಕೊಡಬೇಡಿ. ನಮ್ಮದನ್ನು ಗ್ರೀಸ್ ಬಳಿದು, ಪ್ಲಾಸ್ಟಿಕ್ ಸುತ್ತಿ, ಶೆಡ್ಡಿನಲ್ಲಿ ಮರದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇವೆ.

ಬಿಡಿಭಾಗ ಸಿಗುವುದು ವರ್ಷ ವರ್ಷ ಕಷ್ಟವಾಗುತ್ತಿದೆ. ಸಿಕ್ಕಾಗ ಒಂದು ಕ್ಯಾಲಿಪರ್ ಸೀಲ್ ಕಿಟ್, ಒಂದು ವಾಟರ್ ಪಂಪ್, ಒಂದು ಕ್ಲಚ್ ಪ್ಲೇಟ್ ತೆಗೆದಿಟ್ಟುಕೊಳ್ಳಿ. ನನ್ನ ಗಾಡಿಯ ಬೂಸ್ಟರ್ ಹೋಸ್ ಗಟ್ಟಿಯಾಗಿದೆ, ಹಿಂದಿನ ಬಲಗಡೆ ವೀಲ್ ಸಿಲಿಂಡರ್ ಸಣ್ಣಗೆ ಒಸರುತ್ತಿದೆ. ಎರಡೂ ತಂದಿಟ್ಟಾಗಿದೆ. ಮಳೆ ಶುರುವಾಗುವ ಮುಂಚೆ ಕೂರಿಸಬೇಕು.