‘ಪ್ರಿಲ್ಯೂಡ್’ ಮೊದಲೋ, ಕೊನೆಗೋ: ಫೌಂಡೇಶನ್ ಸರಣಿಯನ್ನು ಎರಡು ದಾರಿಯಲ್ಲಿ ಓದಿ ನೋಡಿದ ಮೇಲೆ

ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯ ಮೇಲೆ ತಿಂಗಳಿಗೆ ಎರಡು ರವಿವಾರ ನಾವು ಐದು ಜನ ಓದುಗರು ಸೇರುತ್ತೇವೆ. ಕಳೆದ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಅಮೆರಿಕದ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರ ಫೌಂಡೇಶನ್ ಸರಣಿಯ ‘ಪ್ರಿಲ್ಯೂಡ್ ಟು ಫೌಂಡೇಶನ್’ ಕಾದಂಬರಿಯ ಮೇಲೆ ಎದ್ದ ಮಾತು ಗಿರ್ಮಿಟ್ಟಿನ ತಟ್ಟೆಗಳು ಖಾಲಿಯಾದ ಮೇಲೂ ಮುಗಿಯಲಿಲ್ಲ. ಒಬ್ಬರು ಅದನ್ನು ಇಡೀ ಸರಣಿಯಲ್ಲಿ ಎಲ್ಲಕ್ಕಿಂತ ಸಲೀಸಾಗಿ ಓದಿಸಿಕೊಂಡು ಹೋಗುವ ಪುಸ್ತಕವೆಂದರು. ಇನ್ನೊಬ್ಬರು ಅದನ್ನು ಬರೆಯದಿದ್ದರೂ ನಡೆಯುತ್ತಿತ್ತೆಂದರು. ಮೂರನೆಯವರು ನೂರು ಪುಟಕ್ಕೇ ಕೈಬಿಟ್ಟದ್ದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡರು. ಒಂದೇ ಪುಸ್ತಕದ ಬಗ್ಗೆ ಅಭಿಪ್ರಾಯಗಳು ಇಷ್ಟು ದೂರ ದೂರ ಏಕೆ ಎಂದು ಕೆದಕಿದಾಗ, ಮೆಚ್ಚಿದವರು ಅದರಿಂದಲೇ ಸರಣಿಯನ್ನು ಆರಂಭಿಸಿದ್ದರೆಂದೂ, ಉಳಿದಿಬ್ಬರು ಬೇರೆಲ್ಲವನ್ನೂ ಓದಿ ದಣಿದ ಮೇಲೆ ಅದಕ್ಕೆ ಕೈಹಾಕಿದ್ದರೆಂದೂ ತಿಳಿಯಿತು. ಹಾಗಾದರೆ ನಾವು ಜಗಳವಾಡುತ್ತಿದ್ದದ್ದು ಕಾದಂಬರಿಯ ಬಗ್ಗೆಯಲ್ಲ, ಸರದಿಯ ಬಗ್ಗೆ. ನಾನು ಇಪ್ಪತ್ತು ವರ್ಷಗಳ ಹಿಂದೆ ಒಂದು ಕ್ರಮದಲ್ಲಿ ಓದಿದ್ದ ಈ ಏಳು ಪುಸ್ತಕಗಳನ್ನು ಇನ್ನೊಂದು ಕ್ರಮದಲ್ಲಿ ಮತ್ತೆ ಓದಿ ಹೋಲಿಸುತ್ತೇನೆಂದು ಅಂದು ಒಪ್ಪಿಕೊಂಡೆ.

ಸರಣಿಯ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಫೌಂಡೇಶನ್ ಕಥೆಗಳು 1942ರಿಂದ 1950ರವರೆಗೆ ಅಮೆರಿಕದ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದವು. 1951, 1952 ಮತ್ತು 1953ರಲ್ಲಿ ಅವು ‘ಫೌಂಡೇಶನ್’, ‘ಫೌಂಡೇಶನ್ ಅಂಡ್ ಎಂಪೈರ್’, ‘ಸೆಕೆಂಡ್ ಫೌಂಡೇಶನ್’ ಎಂಬ ಮೂರು ಪುಸ್ತಕಗಳಾದವು. ಅನಂತರ ಸುಮಾರು ಮೂರು ದಶಕ ಲೇಖಕರು ಆ ಕಡೆ ತಿರುಗಿ ನೋಡಲಿಲ್ಲ. ಓದುಗರ ಮತ್ತು ಪ್ರಕಾಶಕರ ಒತ್ತಾಯಕ್ಕೆ ಮಣಿದು 1982ರಲ್ಲಿ ‘ಫೌಂಡೇಶನ್ಸ್ ಎಡ್ಜ್’, 1986ರಲ್ಲಿ ‘ಫೌಂಡೇಶನ್ ಅಂಡ್ ಅರ್ಥ್’ ಬರೆದು ಕಥೆಯನ್ನು ಮುಂದೊಯ್ದರು. ಆಮೇಲೆ ಕಾಲದಲ್ಲಿ ಹಿಂದಕ್ಕೆ ಸರಿದು, ಮೊದಲ ಪುಸ್ತಕಕ್ಕಿಂತಲೂ ಮುಂಚೆ ನಡೆದ ಸಂಗತಿಗಳನ್ನು 1988ರ ‘ಪ್ರಿಲ್ಯೂಡ್’ನಲ್ಲಿಯೂ, ತಮ್ಮ ಮರಣಾನಂತರ 1993ರಲ್ಲಿ ಹೊರಬಂದ ‘ಫಾರ್ವರ್ಡ್ ದ ಫೌಂಡೇಶನ್’ನಲ್ಲಿಯೂ ಹೇಳಿದರು. ತೊಡಕು ಹುಟ್ಟಿದ್ದು ಇಲ್ಲಿಯೇ. ‘ಪ್ರಿಲ್ಯೂಡ್’ ಪ್ರಕಟಣೆಯ ಲೆಕ್ಕದಲ್ಲಿ ಆರನೆಯದು, ಕಥಾಕಾಲದ ಲೆಕ್ಕದಲ್ಲಿ ಮೊದಲನೆಯದು. ಸಾಲದೆಂಬಂತೆ ಅಸಿಮೋವ್ ಅವರೇ ಅದರ ಆರಂಭದ ಟಿಪ್ಪಣಿಯಲ್ಲಿ ತಮ್ಮ ಪುಸ್ತಕಗಳನ್ನು ಕಥಾಕಾಲದ ಸರದಿಯಲ್ಲಿ ಪಟ್ಟಿಮಾಡಿ ಕೊಟ್ಟಿದ್ದಾರೆ. ಲೇಖಕರೇ ಹೇಳಿದ ಮೇಲೆ ಇನ್ನೇನು ಎನ್ನುವವರು ನಮ್ಮ ಗುಂಪಿನಲ್ಲಿಯೂ ಇದ್ದಾರೆ.

ಮೊದಲ ಸಲ ನಾನು ಓದಿದ್ದು ಪ್ರಕಟಣೆಯ ಕ್ರಮದಲ್ಲಿ. ಅದು ಯೋಚಿಸಿ ಮಾಡಿದ ಆಯ್ಕೆಯಲ್ಲ, ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಕ್ರಮವೇ ಅದಾಗಿತ್ತು. ಆಗ ಹುಬ್ಬಳ್ಳಿಯ ನೌಕರಿಗಾಗಿ ದಿನವೂ ಪ್ಯಾಸೆಂಜರ್ ರೈಲು ಹಿಡಿಯುತ್ತಿದ್ದೆ. ಉಣಕಲ್ ದಾಟುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತಿತ್ತು. ಹ್ಯಾರಿ ಸೆಲ್ಡನ್ ಎಂಬ ವೃದ್ಧ ಗಣಿತಜ್ಞ ಟ್ರಾಂಟರ್ ಗ್ರಹದಲ್ಲಿ ನ್ಯಾಯಾಧೀಶರ ಮುಂದೆ ನಿಂತು, ಹನ್ನೆರಡು ಸಾವಿರ ವರ್ಷಗಳ ಸಾಮ್ರಾಜ್ಯ ಕುಸಿಯುವುದು ಖಚಿತ, ಆಮೇಲಿನ ಮೂವತ್ತು ಸಾವಿರ ವರ್ಷಗಳ ಕತ್ತಲೆಯನ್ನು ಒಂದು ಸಾವಿರಕ್ಕೆ ಇಳಿಸಬಹುದು ಎನ್ನುತ್ತಾನೆ. ಅವನ ಅನುಯಾಯಿಗಳು ಗೆಲಾಕ್ಸಿಯ ಅಂಚಿನ ಟರ್ಮಿನಸ್ ಗ್ರಹಕ್ಕೆ ಹೋಗಿ ವಿಶ್ವಕೋಶ ಬರೆಯಲು ಕೂರುತ್ತಾರೆ. ಐವತ್ತು ವರ್ಷಗಳ ನಂತರ, ಅವನು ಸತ್ತು ಎಷ್ಟೋ ಕಾಲವಾದ ಮೇಲೆ, ಒಂದು ಕೋಣೆಯಲ್ಲಿ ಅವನ ಬಿಂಬ ಮೂಡಿ, ವಿಶ್ವಕೋಶ ಬರೀ ನೆಪವಾಗಿತ್ತು ಎಂದು ತಣ್ಣಗೆ ಹೇಳುತ್ತದೆ. ಆ ಪುಟ ಓದಿದ ದಿನ ಧಾರವಾಡ ನಿಲ್ದಾಣ ಬಂದದ್ದು ತಿಳಿಯದೆ ನಾನು ಮುಂದಿನ ನಿಲ್ದಾಣದವರೆಗೆ ಹೋಗಿದ್ದೆ. ಐವತ್ತು ವರ್ಷ ದುಡಿದ ಆ ವಿದ್ವಾಂಸರಿಗೆ ಆದ ಆಘಾತವೇ ಓದುಗನಿಗೂ ಆಗುತ್ತದೆ, ಏಕೆಂದರೆ ಅವರಿಗೆ ಎಷ್ಟು ಗೊತ್ತಿತ್ತೋ ಅವನಿಗೂ ಅಷ್ಟೇ ಗೊತ್ತಿರುತ್ತದೆ.

ಎರಡನೆಯ ದಾರಿಯನ್ನು ಕಳೆದ ಮುಂಗಾರಿನಲ್ಲಿ ಹಿಡಿದೆ. ರೈಲಿನ ಜಾಗದಲ್ಲಿ ಈಗ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು. ಅಲ್ಲಿ ಆಸನ ಸಿಕ್ಕ ದಿನ ಇಪ್ಪತ್ತು ಪುಟ, ಇಲ್ಲದ ದಿನ ಸೊನ್ನೆ. ‘ಪ್ರಿಲ್ಯೂಡ್’ನ ಬಗ್ಗೆ ನನ್ನ ಹಳೆಯ ಅಭಿಪ್ರಾಯ ಅಷ್ಟೇನೂ ಒಳ್ಳೆಯದಿರಲಿಲ್ಲವಾದ್ದರಿಂದ, ಅದನ್ನು ಮೊದಲ ಪುಸ್ತಕವಾಗಿ ಓದಿದಾಗ ಅದು ನಿಜಕ್ಕೂ ಹಿಡಿಸಿತೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ಇಲ್ಲಿಯ ಸೆಲ್ಡನ್‌ನಿಗೆ ಮೂವತ್ತೆರಡು ವರ್ಷ. ಹೆಲಿಕಾನ್ ಎಂಬ ದೂರದ ಗ್ರಹದಿಂದ ರಾಜಧಾನಿಗೆ ಬಂದು ಪ್ರಬಂಧ ಓದಿದ ಹುಡುಗಾಟದ ಗಣಿತಜ್ಞ. ಭವಿಷ್ಯವನ್ನು ಲೆಕ್ಕಹಾಕಬಹುದೆಂಬುದು ತತ್ತ್ವದಲ್ಲಿ ನಿಜ, ಆಚರಣೆಯಲ್ಲಿ ಅಸಾಧ್ಯ ಎಂದು ಹೇಳಿದರೂ ಚಕ್ರವರ್ತಿಯ ಕಣ್ಣು ಅವನ ಮೇಲೆ ಬೀಳುತ್ತದೆ, ಓಡಾಟ ಆರಂಭವಾಗುತ್ತದೆ. ಟ್ರಾಂಟರ್ ಎಂಬುದು ಇಡಿಯಾಗಿ ಛಾವಣಿ ಹೊದ್ದ, ನಾಲ್ಕು ಸಾವಿರ ಕೋಟಿ ಜನರ ಒಂದೇ ಊರು. ಅದರೊಳಗೆ ಒಂದೊಂದು ಕೇರಿಗೂ ಒಂದೊಂದು ನಡೆ, ಒಂದೊಂದು ಮಡಿ. ಮೈಕೊಜೆನ್‌ನ ಜನ ಮೈಮೇಲೆ ಒಂದು ಕೂದಲನ್ನೂ ಉಳಿಸಿಕೊಳ್ಳರು, ಹೊರಗಿನವರೂ ಅಲ್ಲಿ ತಲೆಗೆ ಹೊದಿಕೆ ಹಾಕಿಕೊಂಡು ತಿರುಗಬೇಕು. ಡಾಹ್ಲ್‌ನ ಗಂಡಸರಿಗೆ ಮೀಸೆಯೇ ಮಾನ. ಗ್ರಹದ ಶಾಖದ ಬಾವಿಗಳಲ್ಲಿ ಬೆವರು ಸುರಿಸಿ ದುಡಿಯುವ ಅವರನ್ನು ಉಳಿದ ಟ್ರಾಂಟರ್ ಕೀಳಾಗಿ ಕಾಣುತ್ತದೆ. ಮೀಸೆಯ ವಿಷಯದಲ್ಲಿ ಹಾವೇರಿ ಕಡೆಯ ನಮ್ಮ ಗೆಳೆಯರಿಗೆ ಡಾಹ್ಲ್ ತಮ್ಮೂರೇ ಅನ್ನಿಸಿತಂತೆ. ಈ ಕೇರಿಗಳ ವಿವರದಲ್ಲಿ ಅಸಿಮೋವ್ ತೋರುವ ಲಕ್ಷ್ಯ 1951ರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಆದರೆ ಇಷ್ಟು ಹಿಡಿಸಿದ್ದೇ ಮುಂದೆ ಮುಳುವಾಯಿತು. ‘ಪ್ರಿಲ್ಯೂಡ್’, ‘ಫಾರ್ವರ್ಡ್’ ಮುಗಿಸಿ ‘ಫೌಂಡೇಶನ್’ ತೆರೆದಾಗ, ಎಂಟುನೂರು ಪುಟಗಳ ಒಡನಾಡಿಯಾಗಿದ್ದ ಸೆಲ್ಡನ್ ಕೆಲವೇ ಪುಟಗಳಲ್ಲಿ ಮರೆಯಾದ. ಅವನ ಜಾಗಕ್ಕೆ ಬಂದವರು ಹೆಸರು ನೆನಪಾಗುವಷ್ಟರಲ್ಲಿ ಹೋಗಿಬಿಡುತ್ತಾರೆ, ಏಕೆಂದರೆ ಆ ಪುಸ್ತಕ ದಶಕಗಳನ್ನು ಹಾರಿಹಾರಿ ಸಾಗುತ್ತದೆ. ‘ಪ್ರಿಲ್ಯೂಡ್’ನಲ್ಲಿ ಸಂಶೋಧನೆಗೆ ಗಣಕ ಇಲ್ಲದೆ ನಡೆಯುವುದಿಲ್ಲ. ಅದೇ ಕಥೆಯ ನೂರಾರು ವರ್ಷ ಮುಂದಿನ ಭಾಗದಲ್ಲಿ ಜನ ಸಿಗಾರು ಸೇದುತ್ತ, ಅಣುಶಕ್ತಿಯನ್ನೇ ಮಹಾವಿಸ್ಮಯವೆಂದು ಹೊಗಳುತ್ತ ಕೂರುತ್ತಾರೆ. ಸಾಮ್ರಾಜ್ಯ ಕುಸಿಯುತ್ತಿದೆಯಲ್ಲ, ವಿದ್ಯೆಯೂ ಕುಸಿದಿರಬೇಕು ಎಂದು ಗುಂಪಿನ ಒಬ್ಬರು ಸಮರ್ಥಿಸಿದರು. ವಿದ್ಯೆಯನ್ನು ಉಳಿಸಲೆಂದೇ ನೆಲೆಸಿದ ಟರ್ಮಿನಸ್ಸಿಗೆ ಆ ಸಮರ್ಥನೆ ಹೊಂದುವುದಿಲ್ಲ. ನಿಜವಾದ ಕಾರಣ ಸರಳವಾದದ್ದು: ಒಂದನ್ನು 1988ರಲ್ಲಿ ಬರೆದರು, ಇನ್ನೊಂದನ್ನು 1940ರ ದಶಕದಲ್ಲಿ. ಪ್ರಕಟಣೆಯ ಕ್ರಮದಲ್ಲಿ ಓದಿದವನಿಗೆ ಇದು ಲೇಖಕನ ಬೆಳವಣಿಗೆಯಾಗಿ ಕಾಣುತ್ತದೆ, ಕಥಾಕಾಲದ ಕ್ರಮದಲ್ಲಿ ಓದಿದವನಿಗೆ ಲೋಕದ ತಪ್ಪಾಗಿ ಕಾಣುತ್ತದೆ.

ಈ ಮಾತನ್ನು ಎಲ್ಲರಿಗಿಂತ ಖಾರವಾಗಿ ಹೇಳಿದವರು ನಮ್ಮ ಗುಂಪಿನ ಅಧ್ಯಾಪಕಿ. ‘ಪ್ರಿಲ್ಯೂಡ್’ ಮೆಚ್ಚಿದವರೂ ಅವರೇ. ಸೆಲ್ಡನ್‌ನನ್ನು ಹೆಜ್ಜೆಹೆಜ್ಜೆಗೂ ಕಾಯುವ ಡಾರ್ಸ್ ವೆನಾಬಿಲಿ ಎಂಬ ಇತಿಹಾಸಜ್ಞೆಯ ಪಾತ್ರ ಅವರಿಗೆ ತುಂಬ ಹಿಡಿಸಿತ್ತು. ಅಂಥವಳಿಂದ ಆರಂಭಿಸಿ 1951ರ ಪುಸ್ತಕಕ್ಕೆ ಬಂದರೆ ಅಲ್ಲಿ ಹೆಣ್ಣೆಂದು ಹೇಳಬಹುದಾದವರು ಒಂದಿಬ್ಬರು, ಅದೂ ಹೆಚ್ಚುಕಡಿಮೆ ಒಂದೇ ದೃಶ್ಯದಲ್ಲಿ. ಅವರು ಅಲ್ಲಿಗೇ ಪುಸ್ತಕ ಮುಚ್ಚಿಟ್ಟರು. ನಾನು ಓದಿದ ಕ್ರಮದಲ್ಲಿ ಅದೇ ಕೊರತೆ ಬೇರೆ ರೀತಿ ಅನುಭವಕ್ಕೆ ಬಂದಿತ್ತು. ಮೊದಲ ಪುಸ್ತಕದಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಎರಡನೆಯದರಲ್ಲಿ ಗಂಡಸರೆಲ್ಲ ಕಂಗೆಟ್ಟಾಗ ಒಬ್ಬಳೇ ಕಣ್ಣು ತೆರೆದಿದ್ದ ಬೇಟಾ ಬರುತ್ತಾಳೆ. ಮೂರನೆಯದರಲ್ಲಿ ಹದಿನಾಲ್ಕರ ಹುಡುಗಿ ಆರ್ಕೇಡಿ ಅಪ್ಪನಿಗೆ ತಿಳಿಯದಂತೆ ನೌಕೆ ಏರುತ್ತಾಳೆ. ಕೊನೆಗೆ ಡಾರ್ಸ್ ಬಂದಾಗ ಲೇಖಕರು ಸಾಲ ತೀರಿಸಿದಂತೆ ಅನ್ನಿಸಿತ್ತು. ಅಧ್ಯಾಪಕಿಗೆ ಸಾಲದ ಹಣ ಮೊದಲೇ ಸಿಕ್ಕಿ, ಆಮೇಲೆ ಯಾರೋ ಕಿತ್ತುಕೊಂಡು ಹೋದಂತಾಯಿತು.

ಇನ್ನು ‘ಪ್ರಿಲ್ಯೂಡ್’ನ ಅಂತ್ಯ. ಕಾದಂಬರಿಯುದ್ದಕ್ಕೂ ಸೆಲ್ಡನ್‌ನ ಬೆನ್ನಿಗೆ ನಿಂತ ಒಬ್ಬ ಮನುಷ್ಯ ಕೊನೆಯಲ್ಲಿ ತನ್ನ ನಿಜವಾದ ಹೆಸರನ್ನು ಹೇಳುತ್ತಾನೆ. ಆ ಹೆಸರನ್ನು ಇಲ್ಲಿ ಬರೆದು ಯಾರ ಓದನ್ನೂ ಕೆಡಿಸುವುದಿಲ್ಲ. ಅದು ಅಸಿಮೋವ್ ಅವರ ಬೇರೆ ಕಾದಂಬರಿಗಳಿಂದ, ಮೂರು ದಶಕ ಹಿಂದಿನಿಂದ ಬಂದ ಹೆಸರು ಎಂದಷ್ಟೇ ಹೇಳಬಹುದು. ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸನ್ಯಾಸಿ ಗಡ್ಡ ಕಿತ್ತೆಸೆದಾಗ ಸಿಳ್ಳೆ ಬೀಳುವುದು ಆ ಮುಖವನ್ನು ಪ್ರೇಕ್ಷಕರು ಮೊದಲ ಅಂಕದಲ್ಲಿ ಕಂಡಿದ್ದರೆ ಮಾತ್ರ. ಮುಖವೇ ಹೊಸದಾದರೆ, ಗಡ್ಡ ಇದ್ದರೇನು ಹೋದರೇನು? ನಾನು ಮೊದಲ ಸಲ ಆ ಪುಟಕ್ಕೆ ಬಂದಾಗ ಎದ್ದು ಕುಳಿತಿದ್ದೆ. ಅಧ್ಯಾಪಕಿ ಮಾತ್ರ ಅದನ್ನು ಓದಿದ ಮರುದಿನ ಫೋನ್ ಮಾಡಿ, “ಇಂವಾ ಯಾರ್ರೀ? ಇಷ್ಟ್ಯಾಕ ದೊಡ್ಡದ ಮಾಡ್ಯಾರ?” ಎಂದು ಕೇಳಿದ್ದರು.

ಇದಕ್ಕೆ ಪರಿಹಾರವೆಂದು ಮೂರನೆಯ ದಾರಿಯೂ ಇದೆ. ರೋಬೋ ಕಥೆಗಳಿಂದ ಆರಂಭಿಸಿ, ನಡುವಿನ ಸಾಮ್ರಾಜ್ಯದ ಕಾದಂಬರಿಗಳನ್ನು ದಾಟಿ, ಕಥಾಕಾಲದ ಕ್ರಮದಲ್ಲಿಯೇ ಎಲ್ಲವನ್ನೂ ಓದುವುದು. ಹಾವೇರಿಯ ಗೆಳೆಯರು ಇದನ್ನು ಪಟ್ಟುಹಿಡಿದು ಮಾಡಿದರು. ರೋಬೋ ಪುಸ್ತಕಗಳನ್ನು ಸಂತೋಷದಿಂದ ಮುಗಿಸಿದರು, ಸಾಮ್ರಾಜ್ಯದ ಮೂರರಲ್ಲಿ ಒಂದನ್ನು ಓದಿ ಎರಡನ್ನು ಹಾರಿಸಿದರು, ಫೌಂಡೇಶನ್ ಮುಟ್ಟುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಇದನ್ನು ನಾನು ಮಾಡಿ ನೋಡಿಲ್ಲ, ಮಾಡುವ ಉಮೇದೂ ಇಲ್ಲ.

ಕಥಾಕಾಲದ ಕ್ರಮದ ಪರವಾಗಿ ಬಂದ ಗಟ್ಟಿ ವಾದ ಗದುಗಿನ ಹಿರಿಯರೊಬ್ಬರದು. ವೀರನಾರಾಯಣ ಗುಡಿಯ ಊರಿನವರಾದ್ದರಿಂದ ಅವರಿಗೆ ಕುಮಾರವ್ಯಾಸನ ಆಧಾರ ಸದಾ ಸಿದ್ಧ. ಭಾರತದ ಗಮಕ ಕೇಳಲು ಬಂದವರಲ್ಲಿ ಒಬ್ಬರಿಗಾದರೂ ದುರ್ಯೋಧನ ಸೋಲುವನೆಂಬುದು ಗೊತ್ತಿಲ್ಲವೇ, ಗೊತ್ತಿದ್ದೂ ಗದಾಪರ್ವದವರೆಗೆ ಕೂರುವುದಿಲ್ಲವೇ ಎಂದು ಅವರು ಕೇಳಿದರು. ಮುಂದೇನಾಗುವುದೆಂಬ ಕುತೂಹಲದ ಮೇಲೆಯೇ ನಿಂತ ಪುಸ್ತಕ ಎರಡನೆಯ ಓದಿಗೆ ಬಾರದು, ಒಳ್ಳೆಯ ಪುಸ್ತಕಕ್ಕೆ ಸರದಿಯ ಹಂಗಿಲ್ಲ ಎಂಬುದು ಅವರ ನಿಲುವು. ಆ ಸಂಜೆ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಎರಡನೆಯ ಓದಿನ ನಡುವೆ, ಅದೂ ಸೆಲ್ಡನ್‌ನ ಬಾಯಿಂದಲೇ. ಭವಿಷ್ಯವನ್ನು ಲೆಕ್ಕಹಾಕುವ ಅವನ ಶಾಸ್ತ್ರಕ್ಕೆ ಎರಡು ಷರತ್ತುಗಳಿವೆ. ಲೆಕ್ಕಕ್ಕೆ ಒಳಪಡುವ ಜನಸಮೂಹ ಬಹಳ ದೊಡ್ಡದಿರಬೇಕು, ಮತ್ತು ತಮ್ಮ ಬಗ್ಗೆ ಏನು ಲೆಕ್ಕ ಹಾಕಲಾಗಿದೆ ಎಂಬುದು ಆ ಜನಕ್ಕೆ ತಿಳಿದಿರಬಾರದು. ತಿಳಿದರೆ ಅವರ ನಡೆ ಬದಲಾಗಿ ಲೆಕ್ಕ ಕೆಡುತ್ತದೆ. ಆದ್ದರಿಂದಲೇ ಟರ್ಮಿನಸ್ಸಿಗೆ ಹೋದವರಲ್ಲಿ ಆ ಶಾಸ್ತ್ರ ಬಲ್ಲವರು ಯಾರೂ ಇರದಂತೆ ಅವನು ನೋಡಿಕೊಂಡಿದ್ದ. ಮೊದಲ ಮೂರು ಪುಸ್ತಕಗಳ ರಚನೆಯೂ ಇದೇ ಷರತ್ತಿನ ಮೇಲೆ ನಿಂತಿದೆ. ಯೋಜನೆಯ ಒಳಗನ್ನು ಓದುಗನಿಗೂ ತೋರಿಸದೆ, ಟರ್ಮಿನಸ್ಸಿನ ಒಬ್ಬ ನಾಗರಿಕನಂತೆ ಕತ್ತಲಲ್ಲಿ ಕೂರಿಸಿ, ಬಿಕ್ಕಟ್ಟು ಬಂದಾಗಲೆಲ್ಲ ಸ್ವಲ್ಪವೇ ಬೆಳಕು ಬಿಡುತ್ತದೆ. ‘ಪ್ರಿಲ್ಯೂಡ್’ ಮತ್ತು ‘ಫಾರ್ವರ್ಡ್’ ಓದಿ ಬಂದವನು ಅಡುಗೆಮನೆಯೊಳಗೆ ಹೋಗಿ ಬಂದವನು. ಕೋಣೆಯಲ್ಲಿ ಮೂಡುವ ಮುದುಕನ ಬಿಂಬ ಅವನಿಗೆ ಒಗಟಲ್ಲ, ಪರಿಚಿತನ ಪಟ. ಎರಡನೆಯ ಓದಿನಲ್ಲಿ ವಿಶ್ವಕೋಶದ ಗುಟ್ಟು ಬಯಲಾಗುವ ಪುಟವನ್ನು ನಾನು ಟೋಲನಾಕಾ ನಿಲ್ದಾಣದಲ್ಲಿ ಓದಿ, ಸಾವಕಾಶವಾಗಿ ಗುರುತಿನ ಚೀಟಿ ಇಟ್ಟು, ಜ್ಯುಬಿಲಿ ಸರ್ಕಲ್ಲಿನಲ್ಲಿ ಸರಿಯಾಗಿ ಇಳಿದೆ. ಹಿರಿಯರಿಗೆ ಇದನ್ನು ಹೇಳಿದಾಗ, “ನೀವು ಒಮ್ಮೆ ಓದಿದ ಪುಸ್ತಕ ಅದು, ಇಳಿಯದೆ ಏನು ಮಾಡುತ್ತೀರಿ?” ಎಂದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಮೊದಲ ಬಾರಿಗೇ ಆ ದಾರಿಯಲ್ಲಿ ಬಂದ ಅಧ್ಯಾಪಕಿಯೂ ಅದೇ ಪುಟವನ್ನು ಯಾವ ಬೆರಗೂ ಇಲ್ಲದೆ ದಾಟಿದ್ದರಲ್ಲ!

ಹಾಗೆಂದು ‘ಪ್ರಿಲ್ಯೂಡ್’ ಕೊನೆಗೆ ಓದಿದರೆ ಎಲ್ಲವೂ ಸರಿಹೋಗುತ್ತದೆ ಎನ್ನಲಾರೆ. ಅದರ ದೋಷಗಳು ಯಾವ ಸರದಿಯಲ್ಲಿಯೂ ಮುಚ್ಚಿಹೋಗುವುದಿಲ್ಲ. ಸೆಲ್ಡನ್ ಒಂದು ಕೇರಿಗೆ ಹೋಗುತ್ತಾನೆ, ಅಲ್ಲಿಯ ಕಟ್ಟಳೆ ಮುರಿಯುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ, ಯಾರೋ ಬಂದು ಬಿಡಿಸುತ್ತಾರೆ. ಮುಂದಿನ ಕೇರಿಯಲ್ಲಿ ಮತ್ತೆ ಅದೇ. ಐದು ಸಾಲಿನಲ್ಲಿ ಆಗುವ ಮಾತು ಐದು ಪುಟ ನಡೆಯುತ್ತದೆ. ನೂರು ಪುಟಕ್ಕೆ ಬಿಟ್ಟ ಗೆಳೆಯರು ‘ಫೌಂಡೇಶನ್ ಅಂಡ್ ಅರ್ಥ್’ನ ದೀರ್ಘ ಅಲೆದಾಟವನ್ನು ಆಗಷ್ಟೇ ಮುಗಿಸಿದ್ದರು, ಇನ್ನೊಂದು ಅಲೆದಾಟಕ್ಕೆ ಅವರಲ್ಲಿ ತ್ರಾಣವಿರಲಿಲ್ಲ. ನಾನು ಮೊದಲ ಸಲ ಆ ಎರಡರ ನಡುವೆ ಒಂದು ವರ್ಷ ಬಿಟ್ಟಿದ್ದೆ. ಬುದ್ಧಿವಂತಿಕೆಯಿಂದಲ್ಲ, ಪುಸ್ತಕ ಸಿಗದೆ. ಆ ಬಿಡುವು ಒಳ್ಳೆಯದೇ ಮಾಡಿತು.

‘ಫಾರ್ವರ್ಡ್’ನ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ, ಅದನ್ನು ಕೊನೆಗೇ ಓದಬೇಕು. ಅಸಿಮೋವ್ 1992ರ ಏಪ್ರಿಲ್ 6ರಂದು ತೀರಿಕೊಂಡರು. ಅವರ ಕೊನೆಗಾಲದ ಆ ಬರಹದಲ್ಲಿ ಸೆಲ್ಡನ್ ತನ್ನವರನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತ ಮುದುಕನಾಗುತ್ತಾನೆ, ಕೆಲಸ ಮಾತ್ರ ಮುಂದುವರಿಯುತ್ತದೆ. ಆ ಕೆಲಸದ ಫಲವನ್ನು ಐದು ಪುಸ್ತಕಗಳಲ್ಲಿ ಕಂಡು ಬಂದವನಿಗೆ ಅವನ ಒಂಟಿತನ ತಟ್ಟುವಂತೆ, ಫಲ ಕಾಣದೆ ಅದನ್ನು ಎರಡನೆಯ ಪುಸ್ತಕವಾಗಿ ಓದುವವನಿಗೆ ತಟ್ಟಲಾರದು.

ಅಧ್ಯಾಪಕಿಯ ಮಗಳು ಈಗ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ಈ ಸರಣಿ ಬೇಕೆಂದು ಕೇಳಿದಳು. 1951ರಿಂದ 1953ರವರೆಗಿನ ಮೂರನ್ನು ಮೊದಲು ಕೊಟ್ಟೆ. ಅವನ್ನು ಮರಳಿಸಿದರೆ 1982ರದು, ಆಮೇಲೆ 1986ರದು. ‘ಪ್ರಿಲ್ಯೂಡ್’ ತನಗೆ ಅಮ್ಮನ ಕಪಾಟಿನಲ್ಲಿಯೇ ಸಿಗುತ್ತದೆಂದು ಅವಳು ನಕ್ಕಳು. ಅದನ್ನು ಹೋದ ರವಿವಾರವೇ ಅವಳ ತಾಯಿಯಿಂದ ಎರವಲು ತಂದು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆಂದು ನಾನು ಹೇಳಲಿಲ್ಲ.