ಒಂದೇ ವೂಫರ್, ಮೂರು ಪೆಟ್ಟಿಗೆ

ಮೂರು ಜೋಡಿ ಸ್ಪೀಕರ್ ಪೆಟ್ಟಿಗೆ ಕಟ್ಟಿದ್ದೇನೆ. ಮೂರರಲ್ಲೂ ಕೂರುವುದು ಕೆಳಸ್ವರ ನುಡಿಸುವ ಅದೇ 5 ಇಂಚಿನ ವೂಫರ್, ಮೇಲುಸ್ವರ ನುಡಿಸುವ ಅದೇ 25 ಮಿ.ಮೀ. ಟ್ವೀಟರ್, 2,200 ಹರ್ಟ್ಜ್‌ನಲ್ಲಿ ಎರಡರ ಪಾಲನ್ನೂ ಬೇರ್ಪಡಿಸುವ ಅದೇ ಕ್ರಾಸ್‌ಓವರ್ ಸರ್ಕ್ಯೂಟ್. ಒಳಗಿನ ಜಾಗವೂ ಎಲ್ಲಕ್ಕೂ 9 ಲೀಟರೇ, ಗಾಳಿಯಾಡದಂತೆ ಪೂರ್ತಿ ಮುಚ್ಚಿದ್ದು. ಬದಲಾದದ್ದು ಹಲಗೆ ಮತ್ತು ಅದನ್ನು ಕತ್ತರಿಸಿದ ಯಂತ್ರ. ಮೊದಲನೆಯದು 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆಗಳನ್ನು ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ, ತಿರುಗುವ ಬಿಟ್‌ನಿಂದ ಕೊರೆಯುವ ಯಂತ್ರ) ಕತ್ತರಿಸಿ ಕೂಡಿಸಿದ ಸಾದಾ ಪೆಟ್ಟಿಗೆ. ಎರಡನೆಯದಕ್ಕೂ ರೂಟರೇ, ಆದರೆ ಬರ್ಚ್ ಮರದ ಪ್ಲೈವುಡ್‌ನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಎಬ್ಬಿಸಿದ್ದು. ಮೂರನೆಯದು 6 ಮಿ.ಮೀ. ಪ್ಲೈವುಡ್ ಅನ್ನು ಲೇಸರ್‌ನಲ್ಲಿ ಕತ್ತರಿಸಿ ಜೋಡಿಗೋಡೆ ಕಟ್ಟಿದ್ದು.

ಎಂಡಿಎಫ್‌ನಿಂದ ಶುರುಮಾಡುತ್ತೇನೆ. ಹೊರಗಿನ ಅಳತೆ 200 × 306 × 240 ಮಿ.ಮೀ., ಒಟ್ಟು ಆರು ಹಲಗೆ. 6 ಮಿ.ಮೀ. ದಪ್ಪದ, ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ ಯಂತ್ರವನ್ನು ನಿಮಿಷಕ್ಕೆ 3,600 ಮಿ.ಮೀ. ಓಡಿಸಿದರೆ ಪ್ರತಿ ಅಲಗು 0.1 ಮಿ.ಮೀ. ಕಚ್ಚುತ್ತದೆ. ಹೆದರಿ ನಿಧಾನ ಮಾಡಿದರೆ ಅಲಗು ಕತ್ತರಿಸುವ ಬದಲು ಉಜ್ಜತೊಡಗುತ್ತದೆ, ಬಿಟ್ ಬಿಸಿಯೇರುತ್ತದೆ, ಅಂಚು ಕಪ್ಪಾಗುತ್ತದೆ. ನನ್ನ ಮೊದಲ ಜೋಡಿಯಲ್ಲಿ ಆಗಿದ್ದು ಇದೇ. ಇನ್ನೊಂದು ಪೆಟ್ಟು ಬಿದ್ದದ್ದು ಗಾಡಿಗಳಲ್ಲಿ, ಅಂದರೆ ಒಂದು ಹಲಗೆಯ ಅಂಚು ಕೂರಲು ಇನ್ನೊಂದರಲ್ಲಿ ಕೊರೆಯುವ ಸೀಳುಗಳಲ್ಲಿ. 18 ಎಂದು ಮಾರುವ ಹಲಗೆಯನ್ನು ವರ್ನಿಯರ್ ಹಿಡಿದು ನೋಡಿದರೆ 18.2 ಇತ್ತು, ನಾನು ಕಂಪ್ಯೂಟರಿಗೆ ಕೊಟ್ಟಿದ್ದು 18. ಒಂದು ಹಲಗೆಯೂ ಗಾಡಿಗೆ ಇಳಿಯಲಿಲ್ಲ. ಈಗ ಹೊಸ ಹಾಳೆ ಬಂದಾಗಲೆಲ್ಲ ನಾಲ್ಕು ಕಡೆ ಅಳೆದು, ಚೂರು ಹಲಗೆಯಲ್ಲಿ ಒಂದು ಗಾಡಿ ಕೊರೆದು ನೋಡದೆ ದೊಡ್ಡ ಹಾಳೆಗೆ ಬಿಟ್ ಇಳಿಸುವುದಿಲ್ಲ.

ಎಂಡಿಎಫ್‌ನ ಗುಣ ಅದರ ಏಕರೂಪತೆ. ಎಳೆಯಿಲ್ಲ, ಟೊಳ್ಳಿಲ್ಲ, ವೂಫರಿನ ಅಂಚು ಕೂರುವ ತಗ್ಗು ಕನ್ನಡಿಯಂತೆ ಬರುತ್ತದೆ. ದೋಷ ಅದರ ಹುಡಿ. ನವಿರಾದ ಆ ಹುಡಿ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಹುಡಿ ಹೀರುವ ಯಂತ್ರ ಇದ್ದರೂ ಮುಖಗವಸು ಬೇಕೇ ಬೇಕು. ಕತ್ತರಿಸಿದ ಅಂಚು ಬಣ್ಣವನ್ನು ಸ್ಪಂಜಿನಂತೆ ಕುಡಿಯುತ್ತದೆ. ನೀರು ಬೆರೆಸಿದ ಮರದ ಅಂಟನ್ನು ಎರಡು ಸಲ ಸವರಿ, ಒಣಗಿಸಿ, ಉಜ್ಜಿದ ಮೇಲೆಯೇ ಬಣ್ಣ.

ಪದರದ ಪೆಟ್ಟಿಗೆ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. 306 ಮಿ.ಮೀ. ಎತ್ತರಕ್ಕೆ 18 ಮಿ.ಮೀ.ನ 17 ಪದರ. ಬರ್ಚ್‌ನ ಒಂದೊಂದು ಹಲಗೆಯಲ್ಲೂ 13 ತೆಳು ಹಾಳೆಗಳು. ಉಜ್ಜಿ ಎಣ್ಣೆ ಸವರಿದಾಗ ಆ ಗೆರೆಗಳೆಲ್ಲ ಮೇಲೆದ್ದು ಬರುತ್ತವೆ. ಮುಂದೆ ಅಗಲ, ಹಿಂದಕ್ಕೆ ಬಾಗುತ್ತಾ ಕಿರಿದಾಗುವ ಆಕಾರ ಆರಿಸಿಕೊಂಡೆ. 9 ಲೀಟರ್ ಉಳಿಯಲು ಆಳವನ್ನು ಸ್ವಲ್ಪ ಹೆಚ್ಚಿಸಬೇಕಾಯಿತು. ಪದರಗಳು ಜಾರದಂತೆ ಪ್ರತಿಯೊಂದರಲ್ಲೂ 8 ಮಿ.ಮೀ.ನ ಎರಡು ತೂತು ಕೊರೆಸಿ ಮರದ ಗೂಟ ಹಾಕಿದೆ. ಇದನ್ನು ಬಿಟ್ಟರೆ ಅಂಟಿನ ಮೇಲೆ ಪದರಗಳು ಈಜಾಡುತ್ತವೆ.

ಬೆಲೆ ತೆರುವುದು ಹಲಗೆಯ ಲೆಕ್ಕದಲ್ಲಿ. ಸಾದಾ ಪೆಟ್ಟಿಗೆಗೆ ಸುಮಾರು 0.31 ಚದರ ಮೀಟರ್ ಸಾಕು. ಪದರವೊಂದಕ್ಕೆ ಕಡಿಮೆಯೆಂದರೂ 200 × 240 ಮಿ.ಮೀ. ಎಂದು ಹಿಡಿದರೆ 17ಕ್ಕೆ 0.8 ಚದರ ಮೀಟರ್ ದಾಟುತ್ತದೆ, ಅಂದರೆ ಎರಡೂವರೆ ಪಟ್ಟು. ಅದರ ನಡುಭಾಗವೆಲ್ಲ ಚೂರಾಗಿ ಮೂಲೆ ಸೇರುತ್ತದೆ. ಯಂತ್ರದ ಹೊತ್ತು, ಅಂಟು, ಉಜ್ಜುವ ಕೆಲಸ ಇವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಒಂದು ಜೋಡಿಯನ್ನು ಉಜ್ಜಿ ಮುಗಿಸಲು ನನಗೆ ಮೂರು ದಿನ ಹಿಡಿಯಿತು.

ಇಷ್ಟಕ್ಕೆ ಕಿವಿಗೆ ಸಿಕ್ಕಿದ್ದೇನು? ಸಾದಾ ಪೆಟ್ಟಿಗೆಯ ಒಳಗೆ ಎದುರುಬದುರು ಗೋಡೆಗಳ ನಡುವೆ 164 ಮಿ.ಮೀ. ಅಂತರ. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುವುದರಿಂದ ಆ ಗೋಡೆಗಳ ನಡುವೆ ಪುಟಿಯುತ್ತಾ ನಿಂತುಬಿಡುವ ಅಲೆ (ಉದ್ದ ಅಂತರದ ಎರಡರಷ್ಟು) ಸುಮಾರು 1,045 ಹರ್ಟ್ಜ್‌ನದು. ಮಾತಿನ ನಟ್ಟನಡುವೆ, ವೂಫರ್ ಇನ್ನೂ ಹಾಡುತ್ತಿರುವಾಗ! ಬಾಗಿದ ಗೋಡೆ ಇದನ್ನು ಚದುರಿಸುತ್ತದೆ. ಆದರೆ ಮೇಲಿನ ಹಲಗೆ, ಕೆಳಗಿನ ಹಲಗೆ ಇನ್ನೂ ಸಮಾನಾಂತರವೇ, 270 ಮಿ.ಮೀ. ಎತ್ತರದ 635 ಹರ್ಟ್ಜ್ ಅಲೆ ಹಾಗೇ ಉಳಿಯಿತು, ಇಂಪೀಡೆನ್ಸ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) ಗೆರೆಯಲ್ಲಿ ಸಣ್ಣ ಸುಕ್ಕಾಗಿ ಕಂಡಿತು. ಕೊನೆಗೆ ಎರಡೂ ಪೆಟ್ಟಿಗೆಗೆ ಉಣ್ಣೆ ತುಂಬಲೇಬೇಕಾಯಿತು. ತುಂಬಿದ ಮೇಲೆ, ಒಂದೇ ಹಾಡನ್ನು ಬದಲಿಸಿ ಬದಲಿಸಿ ಕೇಳಿದಾಗ, ಈ ವಿಷಯದಲ್ಲಿ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ.

ಗೋಡೆಯ ನಡುಕದಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟ. ಕೆಳಸ್ವರದಿಂದ ಮೇಲಕ್ಕೆ ಏರುವ ಸ್ವರ ಹಾಕಿ ಸ್ಟೆತಸ್ಕೋಪ್ ಒತ್ತಿ ಕೇಳಿದೆ. ಪದರದ ಪೆಟ್ಟಿಗೆ ಹೆಚ್ಚುಕಡಿಮೆ ಮೂಕ. ಎಂಡಿಎಫ್‌ನ ಪಕ್ಕದ ಹಲಗೆ ನಡುವಿನಲ್ಲಿ ಗುನುಗುತ್ತಿತ್ತು. ಒಳಗೆ ಒಂದು ಅಡ್ಡಪಟ್ಟಿ ಕೊಟ್ಟ ಮೇಲೆ ಬಹಳಷ್ಟು ಇಳಿಯಿತು.

ನನ್ನ ಎಣಿಕೆ ತಲೆಕೆಳಗಾದದ್ದು ಲೇಸರಿನ ಪೆಟ್ಟಿಗೆಯಲ್ಲಿ. 6 ಮಿ.ಮೀ.ನ ಎರಡು ಹಾಳೆಗಳ ನಡುವೆ ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗಿರುವ ಅಂಟು ಹಾಕಿದ್ದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದು ‘ಠಣ್’ ಎನ್ನದೆ ‘ದಬ್’ ಎಂದು ಅಲ್ಲೇ ಸಾಯುತ್ತದೆ. ಬಿಬಿಸಿಯವರ ಎಲ್‌ಎಸ್ 3/5ಎ ಸ್ಪೀಕರಿನಲ್ಲೂ ಬರ್ಚ್ ಪ್ಲೈವುಡ್‌ನ ದಪ್ಪ 12 ಮಿ.ಮೀ. ಮಾತ್ರ, ಒಳಗೋಡೆಗೆ ನಡುಕ ಹೀರುವ ಹಾಸು ಅಂಟಿಸಿದ್ದರು. ದಪ್ಪವೊಂದೇ ದಾರಿಯಲ್ಲ ಎಂಬುದು ನನಗೆ ಮನವರಿಕೆಯಾದದ್ದು ಇಲ್ಲಿ. ಲೇಸರಿಗೆ ಒಳಮೂಲೆಯಲ್ಲಿ ಬಿಟ್‌ನ ದುಂಡು ಉಳಿಯುವುದಿಲ್ಲ, ಬೆರಳಿನಂತೆ ಒಂದರೊಳಗೊಂದು ಕೂರುವ ಬೆರಳುಗಾಡಿಗಳು ಚೂಪಾಗಿ ಬರುತ್ತವೆ. ಆದರೆ ಸುಟ್ಟ ಅಂಚನ್ನು ಉಜ್ಜಿ ತೆಗೆಯದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಬೇಕಾದಷ್ಟೇ ಆಳದ ತಗ್ಗು ಕೊರೆಯುವುದು ಲೇಸರಿಗೆ ಒಗ್ಗದು. ವೂಫರಿನ ಅಂಚು 4 ಮಿ.ಮೀ. ಇದ್ದರೆ 6 ಮಿ.ಮೀ. ಪದರದಲ್ಲಿ ಅದು ಒಳಗೆ ಹೂತುಹೋಗುತ್ತದೆ, ಕೆಳಗೆ 2 ಮಿ.ಮೀ. ಉಂಗುರ ಕೊಡಬೇಕು. ಪಿವಿಸಿ ಹಾಳೆಯನ್ನು ಮಾತ್ರ ಲೇಸರಿಗೆ ಒಡ್ಡಲೇಬೇಡಿ. ಅದರ ಹೊಗೆ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುತ್ತದೆ.

ಮೂರನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ ಎದ್ದು ಕಂಡ ವ್ಯತ್ಯಾಸ ಗೋಡೆಯದಲ್ಲ, ಮುಂಭಾಗದ ಅಂಚಿನದು. ಚೂಪು ಅಂಚಿಗೆ ಬಡಿದ ಸದ್ದು ಅಲ್ಲಿಂದ ಮತ್ತೆ ಹೊಮ್ಮಿ ಟ್ವೀಟರಿನ ಸದ್ದಿನೊಡನೆ ಕಲೆಯುತ್ತದೆ. ಅಮೆರಿಕದ ಧ್ವನಿ ಎಂಜಿನಿಯರ್ ಹ್ಯಾರಿ ಓಲ್ಸನ್ ಬೇರೆಬೇರೆ ಆಕಾರದ ಪೆಟ್ಟಿಗೆಗಳ ಸದ್ದಿನ ಮಟ್ಟವನ್ನು ಅಳೆದು ಗೆರೆ ಎಳೆದಾಗ ಗೋಳದ ಗೆರೆ ನುಣುಪಾಗಿತ್ತು, ಘನದ್ದು ಏರಿಳಿತ. 3,000 ಹರ್ಟ್ಜ್‌ನ ಅಲೆಯ ಉದ್ದ 114 ಮಿ.ಮೀ.; ಅದರ ಮುಂದೆ 5 ಮಿ.ಮೀ. ದುಂಡು ಏನೂ ಅಲ್ಲ. ಪದರದ ಪೆಟ್ಟಿಗೆ ಚೆನ್ನಾಗಿ ಕೇಳಿಸಿದ್ದಕ್ಕೆ ದೊಡ್ಡ ಕಾರಣ ಅದರ 25 ಮಿ.ಮೀ. ದುಂಡು ಅಂಚು ಎಂದು ಅನುಮಾನ ಬಂದು, ಎಂಡಿಎಫ್ ಪೆಟ್ಟಿಗೆಯ ಮುಂದೆ ಇನ್ನೊಂದು 18 ಮಿ.ಮೀ. ಹಲಗೆ ಅಂಟಿಸಿ, ದುಂಡುಮೂತಿಯ ಬಿಟ್‌ನಿಂದ ಅಷ್ಟೇ ದುಂಡು ಕೆತ್ತಿಸಿದೆ. ದಪ್ಪ ಹಲಗೆಯಲ್ಲಿ ವೂಫರಿಗೆ ಉಸಿರುಕಟ್ಟದಂತೆ ತೂತಿನ ಹಿಂಬದಿಯನ್ನು 45 ಡಿಗ್ರಿಗೆ ಸವರಿದೆ. ಆಮೇಲೆ ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ಹೇಳಲು ತಡವರಿಸಿದೆ.

ಹಾಗಾಗಿ ಈಗ ನಾಲ್ಕನೇ ಜೋಡಿಗೆ ಪಕ್ಕ, ಹಿಂದು, ಮೇಲು, ಕೆಳಗಿನ ಹಲಗೆಗಳನ್ನು ಸಾದಾ ಗರಗಸದಲ್ಲೇ ಕೊಯ್ದಿದ್ದೇನೆ. ಟ್ವೀಟರಿನ ಜಾಗ ಹುಡುಕಲು ಲೇಸರಿನಲ್ಲಿ 3 ಮಿ.ಮೀ. ಹಾಳೆಯ ನಮೂನೆಗಳು ತಯಾರಾಗಿವೆ. ರೂಟರಿನ ಹೊತ್ತೆಲ್ಲ ಮುಂಭಾಗದ ಆ ಒಂದೇ ಹಲಗೆಗೆ.